ಎಲ್ಲರೂ ಹೂಂ ಅಂದ ಪ್ಲಾನು

ಆ ದಿನ ಮೀಟಿಂಗ್‌ನಲ್ಲಿ ಒಬ್ಬರೂ ಬೇಡ ಅನ್ನಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ, ಖುಷಿಯಾಗಿಬಿಟ್ಟೆ. ನಮ್ಮ ಕಾಲೇಜಲ್ಲಿ ಪರೀಕ್ಷೆ, ಮಾರ್ಕ್ಸ್ ಪದ್ಧತಿ ಬದಲಾಯಿಸೋಕೆ ಅಂತ ಹನ್ನೊಂದು ತಿಂಗಳು ಕೂತು ಬರೆದ 70 ಪುಟದ ಡಾಕ್ಯುಮೆಂಟು, ಸ್ಪೈರಲ್ ಬೈಂಡಿಂಗ್ ಬೇರೆ, ಎಲ್ಲ ಡಿಪಾರ್ಟ್‌ಮೆಂಟ್ ಹೆಡ್‌ಗಳ ಮುಂದೆ ಒಂದೊಂದು ಕಾಪಿ ಇಟ್ಟಿದ್ವಿ. ಪ್ರಿನ್ಸಿಪಾಲರು "ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ" ಅಂತ ಕೇಳಿದ್ರು, ಎಲ್ಲರೂ ಚೆನ್ನಾಗಿದೆ ಅನ್ನೋ ಹಾಗೆ ತಲೆ ಆಡಿಸಿದ್ರು, ಮಿನಿಟ್ಸ್‌ನಲ್ಲಿ ಸರ್ವಾನುಮತದಿಂದ ಅಂಗೀಕರಿಸಲಾಯಿತು ಅಂತ ಬರೆದಾಯ್ತು. ನಾನು ಆ ಕಮಿಟಿಯ ಕನ್ವೀನರ್. ಮನೆಗೆ ಹೋಗೋವಾಗ ನೆಲದ ಮೇಲೆ ಕಾಲೇ ನಿಲ್ತಿರಲಿಲ್ಲ.

ಪ್ಲಾನ್‌ನಲ್ಲಿ ಏನಿತ್ತು ಅಂದ್ರೆ, ಸೆಮಿಸ್ಟರ್ ಪೂರ್ತಿ ಸುಮ್ನಿದ್ದು ಕೊನೇ ಹದಿನೈದು ದಿನ ಗೈಡ್ ಹಿಡ್ಕೊಂಡು ಕೂತು ಪಾಸಾಗೋ ಪದ್ಧತಿ ಹೋಗ್ಬೇಕು ಅಂತ. 100 ಮಾರ್ಕ್ಸ್‌ನಲ್ಲಿ 50 ಮಾತ್ರ ಕೊನೇ ಪರೀಕ್ಷೆಗೆ, ಉಳಿದ 50 ಸೆಮಿಸ್ಟರ್ ಉದ್ದಕ್ಕೂ, ಸಣ್ಣ ಸಣ್ಣ ಬರವಣಿಗೆ, ಒಂದು ಪ್ರಾಜೆಕ್ಟ್, ಒಂದು ಸೆಮಿನಾರ್, ಪ್ರತಿ ಸಲ ಎರಡು ವಾರದ ಒಳಗೆ ಮಕ್ಕಳಿಗೆ ಎಲ್ಲಿ ತಪ್ಪಿದೆ ಅಂತ ಬರೆದು ವಾಪಸ್ ಕೊಡ್ಬೇಕು. ಕೇಳಿದ್ರೆ ಯಾರು ತಾನೆ ಬೇಡ ಅಂತಾರೆ.

ಎರಡು ಸೆಮಿಸ್ಟರ್ ಕಳೆದ ಮೇಲೆ ಹೋಗಿ ನೋಡ್ತೀನಿ, ಎಲ್ಲ ಡಿಪಾರ್ಟ್‌ಮೆಂಟಲ್ಲೂ "ನಿರಂತರ ಮೌಲ್ಯಮಾಪನ" ನಡೀತಾ ಇದೆ. ಹೇಗೆ? ಸೆಮಿಸ್ಟರ್‌ನ ಕೊನೇ ಎರಡು ವಾರದಲ್ಲಿ ಮೂರು ಟೆಸ್ಟ್ ಸಾಲಾಗಿ. ಪ್ರಾಜೆಕ್ಟ್ ಅಂದ್ರೆ ಸೀನಿಯರ್ಸ್ ಹತ್ರ ತಗೊಂಡು ಹೆಸರು ಬದಲಾಯಿಸಿದ ಫೈಲು. ಫೀಡ್‌ಬ್ಯಾಕ್ ಕಾಲಂನಲ್ಲಿ ಎಲ್ಲರಿಗೂ "ಗುಡ್". ಮೊದಲ ಸೆಮಿಸ್ಟರಲ್ಲಿ ಕೆಲವರು ನಿಜವಾಗ್ಲೂ ಮೈಮುರಿದು ಮಾಡಿದ್ರು, ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಅಂತಾರಲ್ಲ ಹಾಗೆ, ಎರಡನೇ ಸೆಮಿಸ್ಟರ್‌ಗೆ ಅವರೂ ಸುಸ್ತು. ಆದ್ರೆ ರಿಪೋರ್ಟ್ ಕೇಳಿದ್ರೆ ಪ್ರತಿ ಡಿಪಾರ್ಟ್‌ಮೆಂಟಿಂದಲೂ ಒಂದೇ ಉತ್ತರ, ಜಾರಿಯಾಗಿದೆ. ಸುಳ್ಳು ಅಂತ ಹೇಳೋಕೂ ಆಗಲ್ಲ, ಫಾರ್ಮ್‌ಗಳೆಲ್ಲ ತುಂಬಿ ಬಂದಿವೆ.

ಕಾರಣ ಗೊತ್ತಾಗಿದ್ದು ಎಕ್ಸಾಮ್ ಸೆಕ್ಷನ್‌ನಲ್ಲಿ. ನನ್ನ ಯಾವುದೋ ಬಿಲ್ ಕೆಲಸಕ್ಕೆ ಹೋಗಿದ್ದೆ, ಅಲ್ಲಿ ಇಪ್ಪತ್ತು ವರ್ಷದಿಂದ ಇರೋ ಮೇಡಂ ಒಬ್ರು ಎರಡು ರಿಜಿಸ್ಟರ್ ಅಕ್ಕಪಕ್ಕ ಇಟ್ಕೊಂಡು ಒಂದರಿಂದ ಇನ್ನೊಂದಕ್ಕೆ ಮಾರ್ಕ್ಸ್ ಕಾಪಿ ಮಾಡ್ತಿದ್ರು. ಏನ್ ಮೇಡಂ ಇದು ಅಂದೆ. "ನೀವು ಹೊಸ ಫಾರ್ಮ್ ಕೊಟ್ರಲ್ಲ ಸರ್, ಹಳೇದು ಬೇಡ ಅಂತ ಯಾರೂ ಹೇಳಲಿಲ್ಲ, ಆಡಿಟ್‌ಗೆ ಹಳೇದೇ ಕೇಳ್ತಾರೆ, ಅದಕ್ಕೆ ಎರಡೂ ಬರೀತಿದೀವಿ" ಅಂದ್ರು, ಕೋಪ ಏನೂ ಇಲ್ಲ ಪಾಪ, ಮಳೆ ಬಂತು ಅನ್ನೋ ಥರ ಹೇಳಿದ್ರು. ಟೀಚರ್ಸ್ ಮಾರ್ಕ್ಸ್ ಕೊಡೋಕೆ ಇಂತಿಷ್ಟು ದಿನ ಅಂತ ಒಂದು ಸಾಫ್ಟ್‌ವೇರ್ ವಿಂಡೋ ಇರತ್ತೆ, ಅದು ಸೆಮಿಸ್ಟರ್ ಮುಗಿಯೋಕೆ ಹತ್ತು ದಿನ ಇರೋವಾಗ ಮಾತ್ರ ಓಪನ್ ಆಗೋದು, ಅದನ್ನೂ ಯಾರೂ ಬದಲಾಯಿಸಿರಲಿಲ್ಲ. ಮೊದಲೇ ಹಾಕೋಕೆ ಜಾಗ ಇಲ್ಲದ ಮೇಲೆ ಟೀಚರ್ಸ್ ಮೊದಲೇ ಯಾಕೆ ಟೆಸ್ಟ್ ಮಾಡ್ತಾರೆ! ನಮ್ಮ 70 ಪುಟದಲ್ಲಿ ಕಲಿಕೆಯ ಬಗ್ಗೆ ಎಷ್ಟು ಚೆಂದದ ಮಾತುಗಳಿದ್ವು, ಈ ವಿಂಡೋ ಬಗ್ಗೆ ಒಂದು ಸಾಲು ಇರಲಿಲ್ಲ. ಆ ಮೇಡಂ ನಮ್ಮ ಕಮಿಟಿಯಲ್ಲೂ ಇರಲಿಲ್ಲ. ಕರೀಬೇಕು ಅಂತ ನಮಗೆ ಹೊಳೆದೇ ಇರಲಿಲ್ಲ ಅನ್ನೋದು ನಿಜ.

ಇನ್ನೊಬ್ಬರ ವಿಷಯ ಹೇಳ್ಬೇಕು. ರಿಟೈರ್ ಆಗೋಕೆ ಮೂರು ವರ್ಷ ಇದ್ದ ಒಬ್ಬ ಮೇಷ್ಟ್ರು, ಹೆಡ್ ಅಲ್ಲ, ಹಾಗಾಗಿ ಆ ಮೀಟಿಂಗ್‌ಗೆ ಬಂದಿರಲಿಲ್ಲ. ಮೀಟಿಂಗ್ ಆದ ಮುಂದಿನ ವಾರ ನನ್ನ ರೂಮಿಗೆ ಬಂದು ಡಾಕ್ಯುಮೆಂಟ್ ಟೇಬಲ್ ಮೇಲಿಟ್ರು, ಪುಟ ಪುಟಕ್ಕೂ ಪೆನ್ಸಿಲ್ ಗೀಟು. "ನನ್ನ ಕ್ಲಾಸಲ್ಲಿ 120 ಜನ ಇದಾರೆ, ಒಂದು ಬರವಣಿಗೆ ಓದೋಕೆ ಹತ್ತು ನಿಮಿಷ ಅಂದ್ರೂ 20 ಗಂಟೆ, ಸೆಮಿಸ್ಟರ್‌ಗೆ ನಾಲ್ಕು ಸಲ ಅಂದ್ರೆ 80 ಗಂಟೆ, ಈ 80 ಗಂಟೆ ಯಾವುದರಿಂದ ಕಿತ್ಕೊಳ್ತೀರಿ ಹೇಳಿ" ಅಂತ ಕೇಳಿದ್ರು. ನಾನು ಒಳಗೊಳಗೇ, ಇವರು ಯಾವಾಗ್ಲೂ ಹೀಗೇ, ಏನ್ ತಂದ್ರೂ ಕಲ್ಲು ಹಾಕ್ತಾರೆ ಅಂದ್ಕೊಂಡು ಏನೋ ಹಾರಿಕೆ ಉತ್ತರ ಕೊಟ್ಟು ಕಳಿಸಿದೆ. ಇವತ್ತು ಯೋಚಿಸಿದ್ರೆ ಇಡೀ ಕಾಲೇಜಲ್ಲಿ ಆ 70 ಪುಟ ಪೂರ್ತಿ ಓದಿದ್ದು ಅವರೊಬ್ಬರೇ ಅನ್ಸತ್ತೆ. ಹೂಂ ಅಂದ ಹೆಡ್‌ಗಳಲ್ಲಿ ಎಷ್ಟೋ ಜನ ಕವರ್ ಪೇಜ್ ದಾಟಿರಲಿಲ್ಲ.

ಮುಖಕ್ಕೆ ಹೊಡೆದ ಹಾಗಾದ ಮೇಲೆ ಓದೋಕೆ ಶುರು ಮಾಡಿದೆ. ಸಂಸ್ಥೆಗಳಲ್ಲಿ ಬದಲಾವಣೆ ಅಂತ ಹುಡುಕಿದ್ರೆ ಮೊದಲು ಸಿಗೋದು ಕರ್ಟ್ ಲೆವಿನ್ ಅನ್ನೋ ಮನಃಶಾಸ್ತ್ರಜ್ಞರು, 1947ರಲ್ಲಿ, ಅವರು ತೀರಿಕೊಂಡ ವರ್ಷವೇ ಅಚ್ಚಾದ ಲೇಖನ, ಹೆಪ್ಪುಗಟ್ಟಿರೋದನ್ನ ಕರಗಿಸು, ಬದಲಾಯಿಸು, ಮತ್ತೆ ಹೆಪ್ಪುಗಟ್ಟಿಸು ಅನ್ನೋ ಮೂರು ಹಂತ. ಆಮೇಲೆ ಜಾನ್ ಕಾಟರ್ ಅನ್ನೋ ಮ್ಯಾನೇಜ್‌ಮೆಂಟ್ ಮೇಷ್ಟ್ರು, 1995ರಲ್ಲಿ ನೂರಕ್ಕೂ ಹೆಚ್ಚು ಕಂಪನಿಗಳನ್ನ ನೋಡಿ ಬರೆದ ಎಂಟು ಹೆಜ್ಜೆಗಳು, ಅದರಲ್ಲಿ ಮೊದಲನೇದು ತುರ್ತು ಹುಟ್ಟಿಸೋದು. ಈಗಲೇ ಮಾಡದಿದ್ರೆ ಮುಳುಗ್ತೀವಿ ಅಂತ ಎಲ್ಲರಿಗೂ ಅನ್ನಿಸ್ಬೇಕಂತೆ. ಇವೆರಡನ್ನೂ ಮ್ಯಾನೇಜ್‌ಮೆಂಟ್ ಟ್ರೈನಿಂಗ್‌ಗಳಲ್ಲಿ ಸ್ಲೈಡ್ ಮೇಲೆ ಸ್ಲೈಡ್ ಹಾಕಿ ತೋರಿಸ್ತಾರೆ, ನಾನೂ ಎರಡು ಸಲ ಕೂತು ಕೇಳಿದೀನಿ. ತಪ್ಪು ಅಂತಲ್ಲ. ಆದ್ರೆ ಕಂಪನಿಯಲ್ಲಿ ಮೇಲಿನವರು ಹೇಳಿದ್ರೆ ಕೆಳಗೆ ಏನೋ ಒಂದು ಅಲ್ಲಾಡತ್ತೆ, ಇಲ್ಲಿ ಹಾಗಲ್ಲ. ಕ್ಲಾಸ್ ರೂಮಿನ ಬಾಗಿಲು ಹಾಕ್ಕೊಂಡ ಮೇಲೆ ಒಳಗೆ ಮೇಷ್ಟ್ರೇ ರಾಜ, ಪ್ರಿನ್ಸಿಪಾಲರಾಗಲಿ ವೈಸ್ ಚಾನ್ಸಲರ್ ಆಗಲಿ ಅಲ್ಲಿಗೆ ಬರಲ್ಲ, ಬರೋದೂ ಬೇಡ.

ಇದಕ್ಕೆ ಸರಿಯಾದ ಮಾತು ಸಿಕ್ಕಿದ್ದು ಕಾರ್ಲ್ ವೀಕ್ ಅನ್ನೋರ 1976ರ ಲೇಖನದಲ್ಲಿ. ಶಾಲೆ ಕಾಲೇಜುಗಳು ಸಡಿಲವಾಗಿ ಜೋಡಿಸಿರೋ ಸಂಸ್ಥೆಗಳು ಅಂತಾರೆ ಅವರು. ರೈಲು ಬೋಗಿ ಥರ ಎಂಜಿನ್ ಎಳೆದ್ರೆ ಎಲ್ಲ ಹೊರಡಲ್ಲ, ಮಧ್ಯೆ ಕೊಂಡಿ ಸಡಿಲ, ಒಂದು ಕಡೆ ಜಗ್ಗಿದ್ರೆ ಇನ್ನೊಂದು ಕಡೆ ಗೊತ್ತೇ ಆಗಲ್ಲ. ಇದರಲ್ಲಿ ಒಳ್ಳೇದೂ ಇದೆ, ಒಂದು ಡಿಪಾರ್ಟ್‌ಮೆಂಟ್ ಹಾಳಾದ್ರೆ ಪಕ್ಕದ್ದು ಹಾಳಾಗಲ್ಲ, ಮೇಲಿನವರ ಹುಚ್ಚಾಟ ಪೂರ್ತಿ ಕೆಳಗಿಳಿಯಲ್ಲ. ನಾವು ಬೈಕೊಳ್ಳೋ ಸಡಿಲವೇ ಎಷ್ಟೋ ಸಲ ನಮ್ಮನ್ನ ಕಾಪಾಡಿರತ್ತೆ. ಅದಕ್ಕೂ ಮುಂಚೆ 1972ರಲ್ಲಿ ಕೋಹನ್, ಮಾರ್ಚ್, ಓಲ್ಸನ್ ಅಂತ ಮೂರು ಜನ ಸೇರಿ ಯೂನಿವರ್ಸಿಟಿಯಲ್ಲಿ ತೀರ್ಮಾನಗಳು ಹೇಗಾಗ್ತವೆ ಅನ್ನೋದಕ್ಕೆ ಕಸದ ಬುಟ್ಟಿಯ ಹೋಲಿಕೆ ಕೊಟ್ಟಿದ್ರು. ಸಮಸ್ಯೆಗಳು, ಪರಿಹಾರಗಳು, ಜನ, ಮೀಟಿಂಗ್‌ಗಳು ಎಲ್ಲ ಒಂದೇ ಬುಟ್ಟಿಯಲ್ಲಿ ಬಿದ್ದಿರ್ತವೆ, ಯಾವುದು ಯಾವುದಕ್ಕೆ ಅಂಟಿಕೊಳ್ಳತ್ತೋ ಅದೇ ತೀರ್ಮಾನ. ಪರಿಹಾರ ಮೊದಲೇ ರೆಡಿ ಇರತ್ತೆ, ಸಮಸ್ಯೆ ಹುಡುಕ್ಕೊಂಡು ಓಡಾಡ್ತಿರತ್ತೆ. ಓದ್ತಾ ನಗು ಬಂತು, ಯಾಕಂದ್ರೆ ನಮ್ಮಲ್ಲೂ ಕಮಿಟಿ ಆಗೋಕೆ ಆರು ತಿಂಗಳು ಮುಂಚೆಯೇ ಒಂದು ಮೌಲ್ಯಮಾಪನ ಸಾಫ್ಟ್‌ವೇರ್ ಕೊಂಡು ಆಗಿತ್ತು, ಯಾರೂ ಮುಟ್ಟಿರಲಿಲ್ಲ. ಅದನ್ನ ಬಳಸೋಕೆ ಒಂದು ಕಾರಣ ಬೇಕಿತ್ತು, ನಮ್ಮ ಕಮಿಟಿಯೇ ಆ ಕಾರಣ ಅಂತ ನನಗೆ ಗೊತ್ತಾಗಿದ್ದು ತುಂಬ ಲೇಟಾಗಿ.

ಯೂನಿವರ್ಸಿಟಿಗಳು ಬದಲಾಗೋದೇ ಇಲ್ಲ ಅನ್ನೋರು ಕ್ಲಾರ್ಕ್ ಕೆರ್ ಅವರ ಒಂದು ಲೆಕ್ಕ ಹೇಳ್ತಾರೆ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಪ್ರೆಸಿಡೆಂಟ್ ಆಗಿದ್ದವರು, 1982ರಲ್ಲಿ ಬರೆದಿದ್ದು. ಪಶ್ಚಿಮದ ದೇಶಗಳಲ್ಲಿ 1520ಕ್ಕೆ ಮುಂಚೆ ಹುಟ್ಟಿ ಇವತ್ತಿಗೂ ಗುರುತು ಸಿಗೋ ರೂಪದಲ್ಲಿ ಉಳಿದಿರೋ ಸಂಸ್ಥೆಗಳು ಸುಮಾರು 85, ಕ್ಯಾಥೊಲಿಕ್ ಚರ್ಚು, ಮೂರು ಪಾರ್ಲಿಮೆಂಟು, ಸ್ವಿಟ್ಜರ್ಲೆಂಡಿನ ಕೆಲವು ಪ್ರಾಂತ್ಯಗಳು, ಮಿಕ್ಕ 70 ಯೂನಿವರ್ಸಿಟಿಗಳಂತೆ. ರಾಜರು ಹೋದ್ರು, ವ್ಯಾಪಾರದ ಸಂಘಗಳು ಹೋದ್ವು, ಇವು ಮಾತ್ರ ಅದೇ ಜಾಗದಲ್ಲಿ, ಕೆಲವು ಅದೇ ಕಟ್ಟಡದಲ್ಲಿ. ನನಗೇನೋ ಇದು ಬೈಗುಳ ಅನ್ಸಲ್ಲ. ಬಂದ ಗಾಳಿಗೆಲ್ಲ ಬಾಗಿದ್ರೆ ಐನೂರು ವರ್ಷ ಉಳೀತಿದ್ವಾ. ಒಳಗೆ ಕಲಿಸೋ ವಿಷಯ ಎಷ್ಟೋ ಸಲ ತಲೆಕೆಳಗಾಗಿದೆ, ಯಾರು ತೀರ್ಮಾನ ಮಾಡ್ತಾರೆ ಅನ್ನೋದು ಅಷ್ಟು ಬದಲಾಗಿಲ್ಲ ಅಷ್ಟೆ.

ಹಾಗಂತ ನಿಧಾನ ಅನ್ನೋದನ್ನೆಲ್ಲ ವಿವೇಕ ಅಂತ ಕರೆಯೋಕೂ ಆಗಲ್ಲ. ಕೇಂಬ್ರಿಜ್‌ನಲ್ಲಿ ಕಾರ್ನ್‌ಫರ್ಡ್ ಅನ್ನೋ ಮೇಷ್ಟ್ರು 1908ರಲ್ಲೇ ಸಹೋದ್ಯೋಗಿಗಳನ್ನ ಗೇಲಿ ಮಾಡಿ ಒಂದು ಕಿರುಹೊತ್ತಿಗೆ ಬರೆದಿದ್ರು, ಏನೂ ಮಾಡದೇ ಇರೋಕೆ ಯೂನಿವರ್ಸಿಟಿ ಜನ ಎಂತೆಂಥ ವಾದ ಹೂಡ್ತಾರೆ ಅಂತ. ಒಮ್ಮೆ ಒಪ್ಪಿದ್ರೆ ಅದೇ ಮೇಲ್ಪಂಕ್ತಿ ಆಗಿಬಿಡತ್ತೆ ಅನ್ನೋದು ಒಂದು, ಕಾಲ ಇನ್ನೂ ಪಕ್ವ ಆಗಿಲ್ಲ ಅನ್ನೋದು ಇನ್ನೊಂದು. ಗೇಲಿ ಮಾಡಿದ್ದು ಆಯ್ತು, ಅದೇ ಯೂನಿವರ್ಸಿಟಿಯ ಹೆಣ್ಣುಮಕ್ಕಳ ಗರ್ಟನ್ ಕಾಲೇಜು ಶುರುವಾಗಿದ್ದು 1869ರಲ್ಲಿ, ಅವರಿಗೆ ಪದವಿ ಕೊಡೋ ವಿಷಯ 1897ರಲ್ಲಿ ವೋಟಿಗೆ ಬಂದು ಬಿತ್ತು, 1921ರಲ್ಲಿ ಪೂರ್ತಿ ಪದವಿ ಕೊಡೋದು ಮತ್ತೆ ಬಿತ್ತು, ಕೊನೆಗೆ ಸಿಕ್ಕಿದ್ದು 1948ರಲ್ಲಿ. ಆಕ್ಸ್‌ಫರ್ಡ್‌ನಲ್ಲಿ 1920ರಲ್ಲೇ ಆಗಿತ್ತು. ಅಂದ್ರೆ ಕಾಲ ಪಕ್ವ ಆಗೋಕೆ 79 ವರ್ಷ ಹಿಡೀತು, ಮೂರು ತಲೆಮಾರಿನ ಹುಡುಗೀರು ಪಾಠ ಕೇಳಿ ಪರೀಕ್ಷೆ ಬರೆದು ಸರಿಯಾದ ಪದವಿ ಇಲ್ಲದೆ ಹೋದ್ರು.

ಇನ್ನೊಂದು ಕಡೆ ಅವಸರದವರು. ಅಮೆರಿಕದ ವರ್ಜೀನಿಯಾ ಯೂನಿವರ್ಸಿಟಿಯ ಪ್ರೆಸಿಡೆಂಟ್ ಟೆರೆಸಾ ಸಲಿವನ್ ಅವರನ್ನ 2012ರ ಜೂನ್ 10ರಂದು ಇಳಿಸ್ತಿರೋದಾಗಿ ಬೋರ್ಡ್ ಹೇಳ್ತು, ಬದಲಾವಣೆ ಸಾಕಷ್ಟು ಬೇಗ ಆಗ್ತಿಲ್ಲ ಅನ್ನೋದು ಬೋರ್ಡಿನ ದೂರು. ಅದು ಆನ್‌ಲೈನ್ ಕೋರ್ಸ್‌ಗಳ ಜ್ವರ ಏರಿದ್ದ ವರ್ಷ, ನಾಳೆ ಬೆಳಗ್ಗೆ ಕಾಲೇಜುಗಳೆಲ್ಲ ಮುಚ್ಚಿಹೋಗ್ತವೆ ಅನ್ನೋ ಥರ ಮಾತಾಡ್ತಿದ್ರು ಜನ. ಸಲಿವನ್ ಅವರದ್ದು ಹೆಜ್ಜೆ ಹೆಜ್ಜೆಯಾಗಿ, ಜನರನ್ನ ಜೊತೆಗೆ ಕರ್ಕೊಂಡು ಹೋಗೋ ದಾರಿ. ಮೇಷ್ಟ್ರುಗಳು, ಸ್ಟೂಡೆಂಟ್ಸ್, ಹಳೇ ವಿದ್ಯಾರ್ಥಿಗಳು ಎಲ್ಲ ಬೀದಿಗಿಳಿದ್ರು, 16 ದಿನ ಆದ ಮೇಲೆ ಜೂನ್ 26ಕ್ಕೆ ಅದೇ ಬೋರ್ಡು ಒಮ್ಮತದಿಂದ ಅವರನ್ನ ವಾಪಸ್ ಕೂರಿಸ್ತು. ದೆಹಲಿ ಯೂನಿವರ್ಸಿಟಿಯಲ್ಲೂ 2013ರಲ್ಲಿ ನಾಲ್ಕು ವರ್ಷದ ಡಿಗ್ರಿ ಅವಸರವಸರವಾಗಿ ಬಂತು, 2014ರ ಜೂನ್‌ನಲ್ಲಿ ವಾಪಸ್ ಹೋಯ್ತು, 2022ರಲ್ಲಿ ಹೊಸ ನೀತಿಯ ಹೆಸರಲ್ಲಿ ಮತ್ತೆ ಬಂತು. ನಾಲ್ಕು ವರ್ಷ ಸರಿಯಾ ಮೂರು ಸರಿಯಾ ಅನ್ನೋ ವಾದಕ್ಕೆ ನಾನು ಹೋಗಲ್ಲ, ನನ್ನ ತಲೇಲಿ ಉಳಿದಿರೋದು 2013ರಲ್ಲಿ ಸೇರಿದ ಮಕ್ಕಳು, ಒಂದು ಲೆಕ್ಕದಲ್ಲಿ ಸೇರಿ ಒಂದು ವರ್ಷ ಓದಿದ ಮೇಲೆ ಬೇರೆ ಲೆಕ್ಕಕ್ಕೆ ಬಿದ್ದೋರು. ನಮಗೆ ಅದು ಪೈಲಟ್ ಬ್ಯಾಚು, ಅವರಿಗೆ ಇರೋದು ಒಂದೇ ಡಿಗ್ರಿ.

ಓದಿದ್ದರಲ್ಲಿ ನನ್ನ ಕಾಲೇಜಿಗೆ ಕನ್ನಡಿ ಹಿಡಿದ ಹಾಗಿದ್ದಿದ್ದು ಬೊಲೊನ್ಯಾ ಕತೆ. 1999ರ ಜೂನ್ 19ಕ್ಕೆ ಇಟಲಿಯ ಆ ಊರಲ್ಲಿ 29 ದೇಶದ ಶಿಕ್ಷಣ ಮಂತ್ರಿಗಳು ಕೂತು ಯೂರೋಪಿನ ಡಿಗ್ರಿಗಳೆಲ್ಲ ಒಂದಕ್ಕೊಂದು ಹೊಂದೋ ಹಾಗೆ ಮಾಡೋಣ ಅಂತ ಸಹಿ ಹಾಕಿದ್ರು. ಕ್ರೆಡಿಟ್ ಲೆಕ್ಕವೂ ಎಲ್ಲ ಕಡೆ ಒಂದೇ ಆಯ್ತು, ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್ ಅಂದ್ರೆ ವಿದ್ಯಾರ್ಥಿಯ 25ರಿಂದ 30 ಗಂಟೆ ಕೆಲಸ. ನೋಡಿ, ಮೇಷ್ಟ್ರು ಎಷ್ಟು ಗಂಟೆ ಪಾಠ ಮಾಡಿದ್ರು ಅಂತಲ್ಲ, ಓದೋ ಹುಡುಗ ಎಷ್ಟು ಹೊತ್ತು ಕೂತ ಅಂತ ಲೆಕ್ಕ, ಬಹಳ ಒಳ್ಳೇ ಯೋಚನೆ. ಆದ್ರೆ ಜರ್ಮನಿಯಲ್ಲಿ ಉದ್ದದ ಹಳೇ ಡಿಪ್ಲೊಮ್ ಕೋರ್ಸ್‌ನ ಬ್ಯಾಚುಲರ್ ಮಾಡೋವಾಗ ಎಷ್ಟೋ ಡಿಪಾರ್ಟ್‌ಮೆಂಟ್‌ಗಳು ಹಳೇ ಸಿಲಬಸ್ಸಿಂದ ಏನನ್ನೂ ಬಿಡದೆ ಮೂರು ವರ್ಷಕ್ಕೆ ತುರುಕಿದ್ವು ಅಂತ ದೂರು ಬಂತು. 2009ರಲ್ಲಿ ವಿದ್ಯಾರ್ಥಿಗಳು ಬೀದಿಗೆ ಬಂದ್ರು, ಪರೀಕ್ಷೆ ಮೇಲೆ ಪರೀಕ್ಷೆ, ಉಸಿರಾಡೋಕೆ ಟೈಮಿಲ್ಲ ಅಂತ. ಯಾಕೆ ಬಿಡಲ್ಲ? ಬಿಡ್ಬೇಕು ಅಂದ್ರೆ ಯಾರದೋ ಪೇಪರ್ ಹೋಗತ್ತೆ. ಆ ಪೇಪರ್ ಹೇಳ್ಕೊಡೋ ಮೇಷ್ಟ್ರು ನಮ್ಮ ಪಕ್ಕದ ಕುರ್ಚಿಯಲ್ಲೇ ಕೂತಿರ್ತಾರೆ, ಬೆಳಗಾದ್ರೆ ಮುಖ ನೋಡ್ಬೇಕು. ಸೇರಿಸೋದಕ್ಕೆ ಯಾರ ವಿರೋಧವೂ ಇರಲ್ಲ, ಅದಕ್ಕೇ ಎಲ್ಲ ಪ್ಲಾನ್‌ಗಳೂ ಸೇರಿಸೋ ಪ್ಲಾನ್‌ಗಳೇ. ನಮ್ಮ 70 ಪುಟದಲ್ಲಿ "ಇನ್ಮೇಲೆ ಇದನ್ನ ನಿಲ್ಲಿಸ್ತೀವಿ" ಅನ್ನೋ ವಾಕ್ಯ ಇದೆಯಾ ಅಂತ ಹುಡುಕಿ ನೋಡಿದೆ, ಒಂದೂ ಇಲ್ಲ!

ಸರಿ, ಮಾಡಿ ತೋರಿಸಿದವರು ಯಾರಾದ್ರೂ ಇದಾರಾ. ಕಾರ್ಲ್ ವೈಮನ್ ಅಂತ, 2001ರಲ್ಲಿ ಭೌತಶಾಸ್ತ್ರಕ್ಕೆ ನೊಬೆಲ್ ಹಂಚಿಕೊಂಡವರು, ಆಮೇಲೆ ಲ್ಯಾಬ್ ಬಿಟ್ಟು ವಿಜ್ಞಾನ ಪಾಠ ಹೇಗೆ ಮಾಡ್ಬೇಕು ಅನ್ನೋದರ ಹಿಂದೆ ಬಿದ್ರು. ಕೊಲೊರಾಡೊ ಮತ್ತೆ ಕೆನಡಾದ ಬ್ರಿಟಿಷ್ ಕೊಲಂಬಿಯಾ ಯೂನಿವರ್ಸಿಟಿಗಳಲ್ಲಿ 2006-07ರ ಹೊತ್ತಿಗೆ ದೊಡ್ಡ ಪ್ರಯತ್ನ ಶುರು ಮಾಡಿದ್ರು. ಇಡೀ ಯೂನಿವರ್ಸಿಟಿಗೆ ಒಂದು ಸರ್ಕ್ಯುಲರ್ ಕಳಿಸಲಿಲ್ಲ, ಒಬ್ಬೊಬ್ಬ ಉತ್ಸಾಹಿ ಮೇಷ್ಟ್ರ ಹಿಂದೆಯೂ ಹೋಗಲಿಲ್ಲ, ಡಿಪಾರ್ಟ್‌ಮೆಂಟನ್ನ ಹಿಡ್ಕೊಂಡ್ರು. ಏನು ಕಲಿಸೋದು, ಯಾರು ಕಲಿಸೋದು ಅನ್ನೋ ತೀರ್ಮಾನ ಆಗೋದೇ ಅಲ್ಲಿ. ಡಿಪಾರ್ಟ್‌ಮೆಂಟ್‌ಗಳೇ ನಮಗೆ ಬೇಕು ಅಂತ ಅರ್ಜಿ ಹಾಕ್ಬೇಕು, ಆಗ ದುಡ್ಡು. ಕೇಳೋ ಪ್ರಶ್ನೆ ಮೂರೇ: ಮಕ್ಕಳು ಏನು ಕಲೀಬೇಕು, ಈಗ ನಿಜವಾಗಿ ಏನು ಕಲೀತಿದಾರೆ, ಯಾವ ರೀತಿ ಕಲಿಸಿದ್ರೆ ಹೆಚ್ಚು ಕಲೀತಾರೆ. ಜೊತೆಗೆ ಅದೇ ವಿಷಯದಲ್ಲಿ ಓದಿರೋ, ಕಲಿಕೆ ಬಗ್ಗೆಯೂ ತಿಳ್ಕೊಂಡಿರೋ ಯುವಕರನ್ನ ಡಿಪಾರ್ಟ್‌ಮೆಂಟ್ ಒಳಗೇ ಕೂರಿಸಿದ್ರು, ಮೇಷ್ಟ್ರ ಜೊತೆ ಕೂತು ಕೋರ್ಸ್ ಬದಲಾಯಿಸೋಕೆ ಕೈಜೋಡಿಸೋದೇ ಅವರ ಕೆಲಸ. ಭೌತಶಾಸ್ತ್ರದ ಮೇಷ್ಟ್ರಿಗೆ ಶಿಕ್ಷಣಶಾಸ್ತ್ರದವರು ಬಂದು ಹೇಳಿದ್ರೆ ಕಿವಿಗೆ ಹೋಗಲ್ಲ (ನಾನೂ ಅಷ್ಟೇ, ಒಪ್ಕೋತೀನಿ), ತನ್ನ ವಿಷಯದವನೇ ಪಕ್ಕದ ರೂಮಿಂದ ಬಂದು ಹೇಳಿದ್ರೆ ಕೇಳ್ತಾರೆ. ಎಲ್ಲ ಡಿಪಾರ್ಟ್‌ಮೆಂಟಲ್ಲೂ ಒಂದೇ ಥರ ಫಲ ಬರಲಿಲ್ಲ ಅನ್ನೋದನ್ನೂ ವೈಮನ್ ಮುಚ್ಚಿಡಲಿಲ್ಲ. ಪ್ರಮೋಷನ್ ಎಲ್ಲ ರಿಸರ್ಚ್ ಮೇಲೆ ನಿಂತಿರೋವಾಗ ಪಾಠದ ಮೇಲೆ ಟೈಮ್ ಹಾಕೋದು ಮೇಷ್ಟ್ರಿಗೆ ನಷ್ಟದ ಬಾಬ್ತು ಅನ್ನೋದನ್ನೂ ಬಾಯಿಬಿಟ್ಟು ಹೇಳಿದ್ರು. ನಮ್ಮಲ್ಲಿ ಇದನ್ನ ಮೀಟಿಂಗ್‌ನಲ್ಲಿ ಹೇಳೋರು ಯಾರು, ಕಾರಿಡಾರ್‌ನಲ್ಲಿ ಮಾತ್ರ ಎಲ್ಲರೂ ಹೇಳ್ತಾರೆ.

ಇನ್ನೊಂದು, ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ಯೂನಿವರ್ಸಿಟಿ. 2003ರ ಲೆಕ್ಕದ ಪ್ರಕಾರ ಅಲ್ಲಿ ಸೇರಿದವರಲ್ಲಿ ಆರು ವರ್ಷದೊಳಗೆ ಡಿಗ್ರಿ ಮುಗಿಸ್ತಿದ್ದಿದ್ದು 32%, ಹತ್ತು ಹನ್ನೆರಡು ವರ್ಷದಲ್ಲಿ ಅದು 50% ದಾಟಿತು. ಕಂಪ್ಯೂಟರ್‌ನಲ್ಲಿ ಸಾವಿರಾರು ಹುಡುಗರ ಮಾರ್ಕ್ಸ್ ನೋಡಿ ಯಾರು ಜಾರ್ತಿದಾರೆ ಅಂತ ಮೊದಲೇ ಹಿಡಿದ್ರು, ಅಡ್ವೈಸರ್‌ಗಳನ್ನ ಜಾಸ್ತಿ ತಗೊಂಡ್ರು, ಇದನ್ನೇ ಎಲ್ಲ ಕಡೆ ಹೊಗಳ್ತಾರೆ. ನನಗೆ ಹಿಡಿಸಿದ್ದು ಅದಕ್ಕಿಂತ ಚಿಕ್ಕ ವಿಷಯ. ಪ್ರತಿ ಸೆಮಿಸ್ಟರ್ ಫೀಸ್ ಬಾಕಿ ಇದೆ ಅಂತ ಒಂದಷ್ಟು ಮಕ್ಕಳ ಹೆಸರು ರೋಲಿಂದ ತೆಗೀತಿದ್ರು, ನೋಡಿದ್ರೆ ಎಷ್ಟೋ ಜನರದ್ದು ಸಣ್ಣ ಮೊತ್ತ, ಕೊನೇ ವರ್ಷಕ್ಕೆ ಬಂದವರೂ ಇದ್ರು. ಆ ಬಾಕಿಯನ್ನ ಯೂನಿವರ್ಸಿಟಿಯೇ ಕಟ್ಟೋಕೆ ಶುರು ಮಾಡ್ತು, ಅರ್ಜಿ ಹಾಕಿ ಅಂತಾನೂ ಕೇಳಲಿಲ್ಲ. ಆ ಲಿಸ್ಟು ಎಷ್ಟು ವರ್ಷದಿಂದ ಆಫೀಸಲ್ಲಿ ಪ್ರಿಂಟ್ ಆಗ್ತಿತ್ತೋ ಏನೋ, ಯಾರೋ ಒಬ್ಬರು ಕೂತು ಅದನ್ನ ಹೆಸರು ಹೆಸರಾಗಿ ಓದಿದ್ರು ಅಷ್ಟೆ.

ಇದನ್ನ ಓದಿದ ಮೇಲೆ ನಾನು ವಾಪಸ್ ಎಕ್ಸಾಮ್ ಸೆಕ್ಷನ್‌ಗೆ ಹೋದೆ. ಮೇಡಂ, ಒಬ್ಬ ಹುಡುಗನ ಒಂದೇ ಒಂದು ಮಾರ್ಕ್ಸು ಉತ್ತರ ಪತ್ರಿಕೆಯಿಂದ ಹೊರಟು ಮಾರ್ಕ್ಸ್ ಕಾರ್ಡ್ ಮುಟ್ಟೋವರೆಗೂ ಎಲ್ಲೆಲ್ಲಿ ಹೋಗತ್ತೆ ತೋರಿಸ್ತೀರಾ ಅಂದೆ. ಅವರಿಗೆ ಮೊದಲು ತಮಾಷೆ ಅನ್ನಿಸ್ತು, ಆಮೇಲೆ ಅವರೇ ಉತ್ಸಾಹದಲ್ಲಿ ಕರ್ಕೊಂಡು ಹೋದ್ರು, ಒಂದು ಮಧ್ಯಾಹ್ನ ಪೂರ್ತಿ ಬೇಕಾಯ್ತು. ಒಂದು ಮಾರ್ಕ್ಸು ಏಳು ಜನರ ಕೈ ದಾಟತ್ತೆ, ಐದು ಕಡೆ ಬರೀತಾರೆ, ಅದರಲ್ಲಿ ಎರಡು ಕಡೆ ಯಾಕೆ ಬರೀತಾರೆ ಅಂತ ಬರೆಯೋರಿಗೂ ಗೊತ್ತಿಲ್ಲ, ಹಿಂದೆ ಇದ್ದವರು ಬರೀತಿದ್ರು. ಹನ್ನೊಂದು ತಿಂಗಳ ಕಮಿಟಿಯಲ್ಲಿ ಕಲಿಯದೇ ಇದ್ದಿದ್ದನ್ನ ಆ ಮಧ್ಯಾಹ್ನ ಕಲಿತೆ.

ಎರಡನೇ ಸುತ್ತಿಗೆ ಹೊಸ ಕಮಿಟಿ, ಐದೇ ಜನ, ಅದರಲ್ಲಿ ಆ ಮೇಡಂ ಒಬ್ರು, ಪೆನ್ಸಿಲ್ ಗೀಟಿನ ಮೇಷ್ಟ್ರು ಒಬ್ರು. ಅವರನ್ನ ಕರೆಯೋಕೆ ಹೋದಾಗ ಮುಖ ಕೊಟ್ಟು ಮಾತಾಡೋಕೆ ಸ್ವಲ್ಪ ಕಷ್ಟವೇ ಆಯ್ತು, ಅವರು ಮಾತ್ರ "ಆ 80 ಗಂಟೆ ಸಿಕ್ತಾ" ಅಂತ ಕೇಳಿ ನಕ್ಕು ಒಪ್ಕೊಂಡ್ರು. ಎವರೆಟ್ ರೋಜರ್ಸ್ ಅಂತ ಒಬ್ಬರು 1962ರಲ್ಲಿ ಹೊಸದನ್ನ ಒಪ್ಪೋ ಜನರನ್ನ ಗುಂಪು ಮಾಡಿ ಲೆಕ್ಕ ಹಾಕಿದ್ರಲ್ಲ, ಮೊದಲು ನುಗ್ಗೋರು 2.5%, ಅವರ ಹಿಂದೆ 13.5%, ಹೀಗೆ, ಕೊನೇ 16% ಹಿಂದುಳಿದೋರು ಅಂತ, ಟ್ರೈನಿಂಗ್‌ಗಳಲ್ಲಿ ಆ 16% ಬಗ್ಗೆ ಕಾಯಿಲೆ ಬಗ್ಗೆ ಮಾತಾಡೋ ಹಾಗೆ ಮಾತಾಡ್ತಾರೆ. ಅವರಲ್ಲಿ ಎಷ್ಟು ಜನ ಬರೀ ಲೆಕ್ಕ ಕೇಳ್ತಿರೋರು ಅಂತ ಯಾರೂ ನೋಡಲ್ಲ.

ಈ ಸಲ 70 ಪುಟ ಇಲ್ಲ, ನಾಲ್ಕು ಪುಟ. ಮೊದಲ ಪುಟದಲ್ಲಿ ಏನೇನು ನಿಲ್ಲತ್ತೆ ಅನ್ನೋದು ಮಾತ್ರ: ಒಂದು ರಿಜಿಸ್ಟರ್, ಎರಡು ಫಾರ್ಮ್, ಮೂರು ಇಂಟರ್ನಲ್ ಟೆಸ್ಟಿನ ಬದಲು ಒಂದು. ಸಾಫ್ಟ್‌ವೇರ್ ವಿಂಡೋ ಸೆಮಿಸ್ಟರ್ ಶುರುವಿಂದಲೇ ಓಪನ್. ಹಳೇ ರಿಜಿಸ್ಟರ್ ಬೇಡ ಅಂತ ಆಡಿಟ್‌ನವರ ಹತ್ರ ಬರವಣಿಗೆಯಲ್ಲಿ ತಗೊಳ್ಳೋಕೆ ಎರಡು ತಿಂಗಳು ಓಡಾಡಿದೆ, ಇಡೀ ಪ್ರಾಜೆಕ್ಟ್‌ನಲ್ಲಿ ಅತಿ ಕಷ್ಟದ ಕೆಲಸ ಅಂದ್ರೆ ಅದೇ. ಇಡೀ ಕಾಲೇಜು ಬೇಡ, ಬರ್ತೀವಿ ಅಂದ ಎರಡೇ ಡಿಪಾರ್ಟ್‌ಮೆಂಟು, ಫಿಸಿಕ್ಸ್ ಮತ್ತೆ ಕಾಮರ್ಸ್. 120 ಜನರ ಬರವಣಿಗೆ ಸಮಸ್ಯೆಗೆ ಮೇಷ್ಟ್ರೇ ದಾರಿ ಹೇಳಿದ್ರು. ಎಲ್ಲರದ್ದನ್ನೂ ಪ್ರತಿ ಸಲ ಓದೋದು ಬೇಡ, ಪ್ರತಿ ಸುತ್ತಲ್ಲೂ ಕಾಲು ಭಾಗ ಮೇಷ್ಟ್ರು ಸೂಕ್ಷ್ಮವಾಗಿ ಓದ್ಲಿ, ಯಾವ ಕಾಲು ಭಾಗ ಅಂತ ಮೊದಲೇ ಹೇಳೋದು ಬೇಡ, ಉಳಿದವರದ್ದು ಕ್ಲಾಸಲ್ಲಿ ಮಕ್ಕಳೇ ಒಬ್ಬರದ್ದೊಬ್ಬರು ನೋಡ್ಲಿ, ನಾಲ್ಕು ಸುತ್ತಲ್ಲಿ ಎಲ್ಲರದ್ದೂ ಒಮ್ಮೆ ಮೇಷ್ಟ್ರ ಕಣ್ಣಿಗೆ ಬಿದ್ದಿರತ್ತೆ. 80 ಗಂಟೆ 20ಕ್ಕಿಳೀತು.

ಫಿಸಿಕ್ಸ್‌ನಲ್ಲಿ ಹೆಚ್ಚು ಕಮ್ಮಿ ನಾವು ಬರೆದ ಹಾಗೇ ನಡೀತು. ಕಾಮರ್ಸ್‌ನವರು ನಮ್ಮ ನಾಲ್ಕು ಪುಟ ತಗೊಂಡು ಹೋಗಿ ಏನೇನೋ ಮಾಡಿದ್ರು, ಸೆಮಿನಾರ್ ತೆಗೆದ್ರು, ಪ್ರಾಜೆಕ್ಟ್‌ನ ಗುಂಪಿಗೆ ಕೊಟ್ರು, ವಾರಕ್ಕೊಂದು ಅರ್ಧ ಪುಟದ ಲೆಕ್ಕದ ಕೇಸ್ ಬರೆಸೋಕೆ ಶುರು ಮಾಡಿದ್ರು. ಮೊದಲು ಗೊತ್ತಾದಾಗ ಮೈ ಉರೀತು ನನಗೆ, ಇದು ನಮ್ಮ ಪ್ಲಾನೇ ಅಲ್ಲ ಅಂತ ಹೇಳೋಕೆ ಎದ್ದೇಬಿಟ್ಟಿದ್ದೆ, ಮೇಡಂ ತಡೆದ್ರು. "ಅವರ ಮಾರ್ಕ್ಸು ಪ್ರತಿ ತಿಂಗಳು ಬರ್ತಿದೆ ಸರ್, ಫಿಸಿಕ್ಸ್‌ಗಿಂತ ಬೇಗ ಬರ್ತಿದೆ" ಅಂದ್ರು. ಹೋಗಿ ಕ್ಲಾಸಲ್ಲಿ ಕೂತು ನೋಡಿದೆ, ಮಕ್ಕಳು ಹಿಂದಿನ ವಾರದ ತಪ್ಪಿನ ಬಗ್ಗೆ ಜಗಳ ಆಡ್ತಿದ್ರು. ನಾನು ಬಾಯಿ ಮುಚ್ಕೊಂಡು ಬಂದೆ.

ಮೂರು ಸೆಮಿಸ್ಟರ್ ಆಯ್ತು ಈಗ. ಫಿಸಿಕ್ಸ್ ಹೆಡ್ ಬದಲಾದ್ರು, ಹೊಸಬರಿಗೆ ಇದರಲ್ಲಿ ಅಷ್ಟು ಆಸಕ್ತಿ ಇಲ್ಲ, ಅಲ್ಲಿ ಹಳೇ ಮೂರು ಟೆಸ್ಟ್ ಮೆಲ್ಲಗೆ ತಲೆ ಹಾಕ್ತಿದೆ ಅಂತ ಸುದ್ದಿ. ಕಾಮರ್ಸ್‌ನಲ್ಲಿ ಯಾರೂ ಹೇಳದೇನೇ ನಡೀತಿದೆ. ಇನ್ನೂ ಮೂರು ಡಿಪಾರ್ಟ್‌ಮೆಂಟ್‌ನವರು ಕೇಳಿದಾರೆ, ಆದ್ರೆ ಫಿಸಿಕ್ಸ್‌ದು ಬೇಡ ಕಾಮರ್ಸ್‌ದು ಕೊಡಿ ಅಂತಿದಾರೆ, ಕಾಮರ್ಸ್‌ದು ಬರವಣಿಗೆಯಲ್ಲೇ ಇಲ್ಲ. ಪೆನ್ಸಿಲ್ ಮೇಷ್ಟ್ರು ರಿಟೈರ್ ಆಗೋ ಮುಂಚೆ ಅದನ್ನ ಕೂತು ಬರೆದುಕೊಡ್ತೀನಿ ಅಂದಿದ್ರು, ಇನ್ನು ಎರಡು ತಿಂಗಳಿದೆ. ಎಕ್ಸಾಮ್ ಸೆಕ್ಷನ್‌ನಲ್ಲಿ ಇನ್ನೂ ಒಂದು ರಿಜಿಸ್ಟರ್ ಉಳಿದಿದೆ, ಅದನ್ನ ನಿಲ್ಲಿಸೋ ವಿಷಯ ಸೋಮವಾರದ ಮೀಟಿಂಗ್ ಅಜೆಂಡಾದಲ್ಲಿ ಹಾಕ್ಸಿದೀನಿ, ಹನ್ನೊಂದನೇ ಐಟಂ, ಸಾಮಾನ್ಯವಾಗಿ ಎಂಟನೇದಕ್ಕೆ ಎಲ್ಲರೂ ವಾಚ್ ನೋಡೋಕೆ ಶುರು ಮಾಡ್ತಾರೆ.